ಚಿತ್ರದ ಸಾಕ್ಷ್ಯ ಮತ್ತು ಚಿತ್ರಿತವಾಗದ ಬಯಲು

1

ಚರಿತ್ರೆಯ ಆಕರಗಳನ್ನು ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ಅಕ್ಷರವನ್ನು ಕುರಿತ ಚರ್ಚೆ. ಶಾಸನದ ಕಾಲನಿರ್ಣಯ, ಕೂಟಶಾಸನಗಳನ್ನು ಗುರುತಿಸುವ ಬಗೆ, ಬಖೈರು ಕೈಫಿಯತ್ತುಗಳ ವಿಶ್ವಾಸಾರ್ಹತೆ, ಕಾವ್ಯದೊಳಗೆ ಅಡಗಿರುವ ಚಾರಿತ್ರಿಕ ಸಂಗತಿ ಇವುಗಳನ್ನು ಒರೆಗೆ ಹಚ್ಚಿ ನೋಡುವ ಕ್ರಮ ನಮಗೆ ಹಿರಿಯ ವಿದ್ವಾಂಸರಿಂದ ಬಂದಿದೆ. ಚಿತ್ರವನ್ನು ಹಾಗೆ ಪರೀಕ್ಷಿಸುವ ಅಭ್ಯಾಸ ಮಾತ್ರ ಅಷ್ಟಾಗಿ ಬೆಳೆದಿಲ್ಲ. ಇತಿಹಾಸ ಗ್ರಂಥಗಳ ನಡುವೆ ನುಣುಪು ಹಾಳೆಯ ಮೇಲೆ ಅಚ್ಚಾಗುವ ಚಿತ್ರ ಇಂದಿಗೂ ಬಹುಪಾಲು ಅಲಂಕಾರವೇ ಆಗಿದೆ. ಬರಹದ ಮಾತಿಗೆ ಅದು ತಲೆದೂಗುತ್ತದೆ. ತಾನಾಗಿ ಏನನ್ನೂ ಹೇಳುವುದಿಲ್ಲ.

ಅಂತರ್ಜಾಲದ ಚಿತ್ರಕೋಶಗಳು ಬಂದ ಮೇಲೆ ಈ ಸ್ಥಿತಿ ಒಂದು ರೀತಿಯಲ್ಲಿ ಸುಧಾರಿಸಿದೆ, ಇನ್ನೊಂದು ರೀತಿಯಲ್ಲಿ ಹದಗೆಟ್ಟಿದೆ. ಒಂದು ಕಾಲಕ್ಕೆ ಲಂಡನ್ನಿಗೆ ಹೋಗಿ ಅನುಮತಿ ಪಡೆದು ನೋಡಬೇಕಾಗಿದ್ದ ಮುದ್ರಿತ ಚಿತ್ರಗಳನ್ನು ಇಂದು ಹಳ್ಳಿಯ ಹುಡುಗನೊಬ್ಬ ಅಂಗೈಯಲ್ಲಿ ಹಿಡಿದು ನೋಡಬಲ್ಲ. ಇದು ಸಣ್ಣ ಮಾತಲ್ಲ. ಆದರೆ ಅವನ ಅಂಗೈಗೆ ಬರುವಷ್ಟರಲ್ಲಿ ಆ ಚಿತ್ರ ತನ್ನ ಹೆಸರು, ಕಾಲ, ಕರ್ತೃ, ಅಂಚು ಎಲ್ಲವನ್ನೂ ಕಳೆದುಕೊಂಡಿರುತ್ತದೆ. ಶಿರಾದಿಂದ ಹಿರಿಯೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ನಮ್ಮ ಜವನಗೊಂಡನಹಳ್ಳಿಯಲ್ಲಿ ಕೆಲವು ತರುಣರು ಊರಿನ ಸ್ಮರಣ ಸಂಚಿಕೆಯೊಂದಕ್ಕಾಗಿ ಹೀಗೆ ಸಂಗ್ರಹಿಸಿದ ಚಿತ್ರಗಳನ್ನು ನನಗೆ ತೋರಿಸಿದ್ದರು. ಶ್ರೀರಂಗಪಟ್ಟಣದ ಯುದ್ಧಗಳು, ಟಿಪ್ಪುವಿನ ಮಕ್ಕಳು, ಮದಕರಿನಾಯಕ, ಓಬವ್ವ, ಎಲುಬು ಕಾಣುವ ಬರಗಾಲದ ಜನ ಎಲ್ಲವೂ ಒಂದೇ ಸಾಲಿನಲ್ಲಿದ್ದವು. ‘ಇವುಗಳಲ್ಲಿ ಯಾವುದನ್ನು ಹಾಕಬಹುದು ಸಾರ್?’ ಎಂಬುದು ಅವರ ಪ್ರಶ್ನೆ. ಕೇಳಲು ಸರಳವಾದ ಈ ಪ್ರಶ್ನೆಗೆ ಉತ್ತರ ಸರಳವಲ್ಲ. ಒಂದು ಹಳೆಯ ರಾಜಕೀಯ ಚಿತ್ರದ ಬೆಲೆಯನ್ನು ಯಾವುದರಿಂದ ಕಟ್ಟಬೇಕು ಎಂಬ ವಿಚಾರ ಅದರಲ್ಲಿ ಅಡಕವಾಗಿದೆ.

2

ಮೊದಲಿಗೆ ಒಂದು ವ್ಯಂಗ್ಯಚಿತ್ರವನ್ನು ನೋಡಬಹುದು. ಇಂಗ್ಲೆಂಡಿನ ಜೇಮ್ಸ್ ಗಿಲ್‌ರೇ ರಚಿಸಿದ, ‘ಮುಂಗಾರಿನ ಆಗಮನ ಅಥವಾ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟುವಿಕೆ’ ಎಂಬ ಅರ್ಥದ ಶೀರ್ಷಿಕೆಯುಳ್ಳ ಚಿತ್ರವಿದು. ಬ್ರಿಟಿಷ್ ಮ್ಯೂಸಿಯಮ್ಮಿನ ಅಂತರ್ಜಾಲ ಸಂಗ್ರಹದಲ್ಲಿದೆ. ಕೋಟೆಯ ಮೇಲೆ ಟಿಪ್ಪು ನಿಂತಿದ್ದಾನೆ. ಕೆಳಗೆ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕತ್ತೆಯೇರಿ ಪಲಾಯನ ಮಾಡುತ್ತಿದ್ದಾನೆ. ಟಿಪ್ಪು ಕೋಟೆಯ ಮೇಲಿನಿಂದಲೇ ಅವನ ಮೇಲೆ ಮೂತ್ರ ವಿಸರ್ಜಿಸುತ್ತಾನೆ. ಶೀರ್ಷಿಕೆಯ ಮುಂಗಾರು ಇದೇ.

ಈ ಚಿತ್ರ ಒಂದು ಘಟನೆಯ ವರದಿಯಲ್ಲ. ಆದರೆ ಅದರ ಹಿಂದೆ ಒಂದು ಘಟನೆಯಿದೆ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನ ಸೈನ್ಯ ಅರಕೆರೆಯ ಬಳಿ ಯುದ್ಧ ಗೆದ್ದಿತು. ಗೆದ್ದರೂ ಮಳೆ ಹಿಡಿದುಕೊಂಡಿತು, ಮೇವಿಲ್ಲದೆ ಎತ್ತುಗಳು ಸತ್ತವು, ಧಾನ್ಯ ಮುಗಿಯಿತು. ಎಳೆಯಲು ಎತ್ತುಗಳಿಲ್ಲದ ದೊಡ್ಡ ಫಿರಂಗಿಗಳನ್ನು ತಾವೇ ನಾಶಮಾಡಿ ಅವರು ಹಿಂದಿರುಗಬೇಕಾಯಿತು. ಸುದ್ದಿ ಹಡಗಿನಲ್ಲಿ ಲಂಡನ್ನಿಗೆ ತಲುಪಲು ತಿಂಗಳುಗಳೇ ಹಿಡಿಯುತ್ತಿದ್ದ ಕಾಲವದು. ಗಿಲ್‌ರೇಯ ಚಿತ್ರ ಪ್ರಕಟವಾದದ್ದು 1791ರ ಡಿಸೆಂಬರ್ 6ರಂದು, ಹ್ಯಾನಾ ಹಂಫ್ರಿ ಎಂಬ ಮಹಿಳೆಯ ಅಂಗಡಿಯಿಂದ.

ದಿನಾಂಕ ಇಷ್ಟು ಖಚಿತವಾಗಿ ನಮಗೆ ತಿಳಿದಿರುವುದು ಆಕಸ್ಮಿಕವಲ್ಲ. ಇಂಗ್ಲೆಂಡಿನಲ್ಲಿ 1735ರಲ್ಲಿ ಜಾರಿಗೆ ಬಂದ ಕಾಯಿದೆಯೊಂದು, ಮುದ್ರಿತ ಚಿತ್ರದ ಹಕ್ಕು ಬೇಕೆಂದರೆ ತಗಡಿನ ಮೇಲೆಯೇ ಹಕ್ಕುದಾರನ ಹೆಸರನ್ನೂ ಪ್ರಕಟಣೆಯ ದಿನವನ್ನೂ ಕೊರೆಯಬೇಕೆಂದು ವಿಧಿಸಿತ್ತು. ವ್ಯಾಪಾರದ ರಕ್ಷಣೆಗೆ ಬಂದ ಆ ಸಣ್ಣ ಸಾಲು ಇಂದು ಚರಿತ್ರೆಕಾರನಿಗೆ ಶಾಸನದ ತೇದಿಯಷ್ಟೇ ಮುಖ್ಯವಾದುದು. ದಿನಾಂಕವನ್ನು ತಿಳಿದು ನೋಡಿದರೆ ಈ ಚಿತ್ರ ಲಂಡನ್ನಿನ ಸಾಕ್ಷ್ಯವಾಗುತ್ತದೆ. ಮೈಸೂರಿನ ಯುದ್ಧದ ವಿಷಯದಲ್ಲಿ ಅಲ್ಲಿನ ಜನ ತಮ್ಮ ಸರ್ಕಾರವನ್ನೇ ನಗೆಪಾಟಲು ಮಾಡುತ್ತಿದ್ದರು, ಸೋಲಿನ ಭಯ ಬೀದಿಯ ಅಂಗಡಿಯಲ್ಲಿ ಮಾರಾಟವಾಗುತ್ತಿತ್ತು ಎಂಬುದಕ್ಕೆ ಇದು ಆಧಾರ. ಟಿಪ್ಪುವಿನ ಮುಖ, ಉಡುಪು, ಕೋಟೆಯ ರಚನೆ ಇವುಗಳಿಗೆ ಇದು ಆಧಾರವಲ್ಲ. ಗಿಲ್‌ರೇ ಭಾರತಕ್ಕೆ ಬಂದವನೇ ಅಲ್ಲ.

ನಮ್ಮ ತರುಣರ ಬಳಿಯಿದ್ದ ಪ್ರತಿಯಲ್ಲಿ ಕೆಳಗಿನ ಅಂಚನ್ನು ಯಾರೋ ಕತ್ತರಿಸಿದ್ದರು. ದಿನಾಂಕದ ಸಾಲೂ ಹೋಗಿತ್ತು, ಶೀರ್ಷಿಕೆಯೂ ಹೋಗಿತ್ತು. ಉಳಿದದ್ದು ಆಂಗ್ಲನನ್ನು ಅವಮಾನಿಸುತ್ತಿರುವ ಒಬ್ಬ ಸುಲ್ತಾನ. ಹಾಗೆ ಕತ್ತರಿಸಿದ ಚಿತ್ರವನ್ನು ಒಬ್ಬ ಪರಾಕ್ರಮದ ಗುರುತಾಗಿ ಬಳಸಬಹುದು, ಇನ್ನೊಬ್ಬ ಅಸಭ್ಯತೆಯ ಗುರುತಾಗಿ ಬಳಸಬಹುದು. ಇಬ್ಬರಿಗೂ ಅದು ಅಡ್ಡಿಪಡಿಸುವುದಿಲ್ಲ. ಅಡ್ಡಿಪಡಿಸಬಲ್ಲ ಸಾಲು ಕತ್ತರಿಯ ಪಾಲಾಗಿದೆ.

3

ಇದಾದ ಕೆಲವೇ ತಿಂಗಳಲ್ಲಿ ಚಿತ್ರಗಳ ದನಿ ಬದಲಾಯಿತು. 1792ರ ಫೆಬ್ರವರಿಯಲ್ಲಿ ಟಿಪ್ಪು ಸಂಧಿಗೆ ಒಪ್ಪಿ ತನ್ನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳಿಸಿದ. ರಾಜ್ಯದ ಅರ್ಧಭಾಗ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ತೆರಬೇಕಾಯಿತು. ಆದರೆ ಬ್ರಿಟನ್ನಿನ ಚಿತ್ರಕಾರರು ಆರಿಸಿಕೊಂಡದ್ದು ಹಣವನ್ನಲ್ಲ, ನಾಡನ್ನಲ್ಲ. ಮಕ್ಕಳ ಕೈ ಹಿಡಿದು ತಂದೆಯಂತೆ ಬರಮಾಡಿಕೊಳ್ಳುವ ಕಾರ್ನ್‌ವಾಲಿಸನನ್ನು. ಕತ್ತೆಯ ಮೇಲೆ ಓಡುತ್ತಿದ್ದವನು ವಾತ್ಸಲ್ಯದ ಮೂರ್ತಿಯಾದ.

ಈ ದೃಶ್ಯವನ್ನು ಬರೆದವರಲ್ಲಿ ರಾಬರ್ಟ್ ಹೋಮ್ ಮತ್ತು ಮಾದರ್ ಬ್ರೌನ್ ಇಬ್ಬರನ್ನು ಹೋಲಿಸಬಹುದು. ಹೋಮ್ 1791ರಲ್ಲಿ ಮದರಾಸಿಗೆ ಬಂದು ಸೈನ್ಯದೊಡನೆ ಮೈಸೂರು ಸೀಮೆಯನ್ನು ಕಂಡವನು. ತನ್ನ ದೊಡ್ಡ ಚಿತ್ರದ ಎಡ ಅಂಚಿನಲ್ಲಿ ಹಾಳೆಗಳ ಸಂಪುಟ ಹಿಡಿದು ನಿಂತಿರುವ ತನ್ನನ್ನೇ ಸೇರಿಸಿಕೊಂಡಿದ್ದಾನೆ. ‘ನಾನು ಕಂಡಿದ್ದೇನೆ’ ಎಂಬ ರುಜು ಅದು. ಬ್ರೌನ್ ಲಂಡನ್ನಿನಲ್ಲಿ ಕುಳಿತು ಬರೆದವನು, ಭಾರತವನ್ನು ಕಾಣದವನು. ಮೇಲುನೋಟಕ್ಕೆ ಮೊದಲನೆಯದು ಪ್ರಮಾಣ, ಎರಡನೆಯದು ಕಲ್ಪನೆ. ಉಡುಪು, ಆನೆ, ಡೇರೆ ಮೊದಲಾದ ವಿವರಗಳ ಮಟ್ಟಿಗೆ ಈ ಮಾತು ನಿಲ್ಲುತ್ತದೆ. ಆದರೆ ಕಣ್ಣಾರೆ ಕಂಡವನೂ ಯಾರ ಪಕ್ಕದಲ್ಲಿ ನಿಂತು ಕಂಡ ಎಂಬ ಪ್ರಶ್ನೆಯಿದೆ. ಹೋಮ್ ನಿಂತದ್ದು ಕಂಪನಿಯ ಸೈನ್ಯದ ನಡುವೆ. ಒತ್ತೆಯಾಳು ಎಂಬ ಕ್ರೂರ ಪದ ಇಬ್ಬರ ಚಿತ್ರದಲ್ಲೂ ಒಂದೇ ತೆರನಾಗಿ ಕರುಣೆಯ ಬಟ್ಟೆ ತೊಟ್ಟಿದೆ.

ಏಳು ವರ್ಷಗಳ ಅನಂತರದ ಉದಾಹರಣೆ ಇನ್ನೂ ಬೋಧಪ್ರದವಾಗಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಮರುವರ್ಷ, 1800ರಲ್ಲಿ, ಇಪ್ಪತ್ತರ ಹರೆಯದ ರಾಬರ್ಟ್ ಕರ್ ಪೋರ್ಟರ್ ಲಂಡನ್ನಿನಲ್ಲಿ ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಆ ಮುತ್ತಿಗೆಯನ್ನು ಬರೆದು ಪ್ರದರ್ಶಿಸಿದ. ಜನ ಹಣ ಕೊಟ್ಟು ನೋಡಿದರು. ಪೋರ್ಟರ್ ಶ್ರೀರಂಗಪಟ್ಟಣವನ್ನು ಕಂಡವನಲ್ಲ. ಆ ಮಹಾಚಿತ್ರ ಇಂದು ಉಳಿದಿಲ್ಲ. ವೆಂಡ್ರಮೀನಿ ಎಂಬಾತ ಅದನ್ನು ಆಧರಿಸಿ ಕೊರೆದ ಮುದ್ರಿತ ಚಿತ್ರಗಳಷ್ಟೇ ಉಳಿದಿವೆ. ಅಂತರ್ಜಾಲದಲ್ಲಿ ‘ಶ್ರೀರಂಗಪಟ್ಟಣದ ಪತನ’ ಎಂದು ಹುಡುಕಿದಾಗ ಇವೇ ಚಿತ್ರಗಳು ಬೇರೆ ಬೇರೆ ಬಣ್ಣಗಳಲ್ಲಿ, ಬೇರೆ ಬೇರೆ ತುಂಡುಗಳಾಗಿ ಮತ್ತೆ ಮತ್ತೆ ಎದುರಾಗುತ್ತವೆ.

ಇಲ್ಲಿ ಕನ್ನಡ ವಿದ್ಯಾರ್ಥಿಗೆ ಹೊಸ ಶಾಸ್ತ್ರವೇನೂ ಬೇಕಾಗಿಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆ ಈ ಸನ್ನಿವೇಶ ಪರಿಚಿತವೇ. ಒಂದೇ ಮಾತೃಕೆಯಿಂದ ಹುಟ್ಟಿದ ಹತ್ತು ಓಲೆಪ್ರತಿಗಳು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಪ್ರತಿಗಳ ಸಂಖ್ಯೆಯಿಂದ ಪಾಠ ನಿರ್ಣಯವಾಗುವುದಿಲ್ಲ, ಪ್ರತಿಗಳ ಸಂಬಂಧದಿಂದ ಆಗುತ್ತದೆ. ಮುದ್ರಿತ ಚಿತ್ರಗಳಿಗೂ ವಂಶವೃಕ್ಷವಿದೆ. ಅವುಗಳಿಗೆ ಮುದ್ರಣಾನಂತರ ಕೈಯಿಂದ ಬಳಿದ ಬಣ್ಣ ಪ್ರತಿಯಿಂದ ಪ್ರತಿಗೆ ಬೇರೆಯಾಗುವುದರಿಂದ ಅದು ಪಾಠಾಂತರವಿದ್ದಂತೆ. ಒಂದು ಪ್ರತಿಯ ಬಣ್ಣವನ್ನು ನಂಬಿ ಸೈನಿಕನ ಅಂಗಿಯ ಬಣ್ಣವನ್ನು ಹೇಳಲಾಗದು. ಆಮೇಲೆ ಯಾರೋ ಸೇರಿಸಿದ ಶೀರ್ಷಿಕೆ ಪ್ರಕ್ಷಿಪ್ತ. ತಗಡಿನ ಮೇಲೆ ಕೊರೆದ ಹೆಸರು ಯಾವುದು, ಸಂಗ್ರಹಾಲಯದ ಸೂಚೀಕಾರ ಕೊಟ್ಟ ಹೆಸರು ಯಾವುದು, ಹಂಚಿಕೊಂಡವನು ಅಂಟಿಸಿದ ಹೆಸರು ಯಾವುದು ಎಂಬ ಮೂರು ಪದರಗಳನ್ನು ಬಿಡಿಸುವುದೇ ಅರ್ಧ ಕೆಲಸ. ನಮ್ಮ ಗ್ರಂಥಸಂಪಾದನ ಪರಂಪರೆಯನ್ನು ಓಲೆಗರಿಗಷ್ಟೇ ಮೀಸಲಿಟ್ಟಿರುವುದು ಅದರ ಶಕ್ತಿಯನ್ನು ಕಡಿಮೆ ಅಂದಾಜು ಮಾಡಿದಂತೆ.

4

ಹಾಗಾದರೆ ಪರಕೀಯರ ಚಿತ್ರಗಳನ್ನು ಬದಿಗಿಟ್ಟು ನಮ್ಮವರ ಚಿತ್ರಗಳನ್ನು ನಂಬಿದರೆ ಸಾಕೇ? ಶ್ರೀರಂಗಪಟ್ಟಣದ ದರಿಯಾದೌಲತ್ ಅರಮನೆಯ ಗೋಡೆಯ ಮೇಲಿನ ಯುದ್ಧಚಿತ್ರ ಈ ಪ್ರಶ್ನೆಗೆ ತಕ್ಕ ಉದಾಹರಣೆ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆಯನ್ನು ಹೈದರ್ ಮತ್ತು ಟಿಪ್ಪು ನಾಶಮಾಡಿದ ಘಟನೆ ಅಲ್ಲಿದೆ. ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಯ್ಲಿ, ಸ್ಫೋಟಿಸುತ್ತಿರುವ ಮದ್ದಿನ ಬಂಡಿ, ನಿರಾತಂಕವಾಗಿ ಕುದುರೆಯೇರಿ ಬರುವ ಸುಲ್ತಾನ ಇವೆಲ್ಲ ಅಲ್ಲಿ ಕಾಣುತ್ತವೆ. ಇದೂ ಪ್ರಭುತ್ವದ ಚಿತ್ರವೇ. ಗೆದ್ದವನು ತನ್ನ ಗೋಡೆಯ ಮೇಲೆ ಬರೆಸಿದ ಗೆಲುವು. ಅಲ್ಲದೆ ಟಿಪ್ಪುವಿನ ಕಾಲದ ಕುಂಚವನ್ನೇ ನಾವು ಇಂದು ನೋಡುತ್ತಿದ್ದೇವೆ ಎನ್ನಲಾಗದು. ಹತ್ತೊಂಬತ್ತನೆಯ ಶತಮಾನದಲ್ಲಿ, 1855ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಡಾಲ್‌ಹೌಸಿಯ ಆದೇಶದ ಮೇರೆಗೆ, ಅದನ್ನು ಮತ್ತೆ ಬರೆಸಿ ಸರಿಪಡಿಸಲಾಯಿತು. ಟಿಪ್ಪುವಿನ ಗೆಲುವಿನ ಚಿತ್ರವನ್ನು ಅವನನ್ನು ಸೋಲಿಸಿದವರ ಉತ್ತರಾಧಿಕಾರಿಗಳು ರಿಪೇರಿ ಮಾಡಿಸಿದ ಈ ಸಂಗತಿ ಚಿತ್ರದ ಅರ್ಥದ ಭಾಗವೇ ಆಗಿದೆ. ಅಂತರ್ಜಾಲದಲ್ಲಿ ದೊರೆಯುವ ಅದರ ಛಾಯಾಚಿತ್ರಗಳ ಕೆಳಗೆ ಈ ಮಾತು ಅಪರೂಪ.

ಇದೇ ಯುದ್ಧವನ್ನು ಕಾಗದದ ಮೇಲೆ ಬರೆದ ಪ್ರತಿಯೊಂದು 2022ರ ಮಾರ್ಚಿಯಲ್ಲಿ ಲಂಡನ್ನಿನ ಸದಬಿ ಹರಾಜಿನಲ್ಲಿ 6 ಲಕ್ಷ 30 ಸಾವಿರ ಪೌಂಡುಗಳಿಗೆ ಮಾರಾಟವಾಯಿತು. ಕೊಳ್ಳುವವನು ಕಟ್ಟುವ ಬೆಲೆ ಅಪರೂಪತೆಗೆ, ಅಂದಕ್ಕೆ, ಹೆಸರಿಗೆ ಸಲ್ಲುತ್ತದೆ. ಚರಿತ್ರೆಯ ವಿದ್ಯಾರ್ಥಿ ಕಟ್ಟುವ ಬೆಲೆ ಬೇರೆ. ಕೆಟ್ಟ ಕಾಗದದ ಮೇಲೆ ಅಚ್ಚಾದ ಅಗ್ಗದ ಚಿತ್ರವೊಂದು ತನ್ನ ದಿನಾಂಕವನ್ನೂ ಮಾರಿದವರ ಹೆಸರನ್ನೂ ಉಳಿಸಿಕೊಂಡಿದ್ದರೆ, ಊರು ಹೆಸರಿಲ್ಲದ ಅಮೂಲ್ಯ ಚಿತ್ರಕ್ಕಿಂತ ನಮಗೆ ಹೆಚ್ಚು ಬಳಕೆಗೆ ಬರುತ್ತದೆ.

ಇನ್ನು ತರುಣರ ಸಂಗ್ರಹದಲ್ಲಿ ‘ಟಿಪ್ಪುವಿನ ನಿಜವಾದ ಫೋಟೋ’ ಎಂಬುದೂ ಇತ್ತು. ಇದಕ್ಕೆ ದೀರ್ಘ ವಾದ ಬೇಕಿಲ್ಲ. ಟಿಪ್ಪು ಮಡಿದದ್ದು 1799ರಲ್ಲಿ; ಛಾಯಾಚಿತ್ರಣ ಲೋಕಕ್ಕೆ ಬಂದದ್ದು 1839ರಲ್ಲಿ. ಚಿತ್ರ ಯಾರದೇ ಆಗಿರಲಿ, ಟಿಪ್ಪುವಿನದಲ್ಲ. ನಮ್ಮ ಜಿಲ್ಲೆಯವರೇ ಆದ ಮದಕರಿನಾಯಕ ಮತ್ತು ಓಬವ್ವರ ಚಿತ್ರಗಳ ವಿಷಯ ಹಾಗಲ್ಲ. ಬಸ್ ನಿಲ್ದಾಣದಿಂದ ಪಠ್ಯಪುಸ್ತಕದವರೆಗೆ ಎಲ್ಲೆಲ್ಲೂ ಕಾಣುವ ಆ ರೂಪಗಳು ಇಪ್ಪತ್ತನೆಯ ಶತಮಾನದ ಕಲ್ಪನೆಗಳು. ಓಬವ್ವ ಎಂದೊಡನೆ ಬಹುಜನರ ಕಣ್ಣಮುಂದೆ ಬರುವುದು 1972ರ ‘ನಾಗರಹಾವು’ ಚಲನಚಿತ್ರದ ಜಯಂತಿಯವರ ಮುಖ. ಇದರಿಂದ ಆ ಚಿತ್ರಗಳು ಬೆಲೆಯಿಲ್ಲದವು ಎಂದಾಗುವುದಿಲ್ಲ. 1779ರಲ್ಲಿ ಹೈದರನ ವಶವಾದ ದುರ್ಗವನ್ನು ಸ್ವಾತಂತ್ರ್ಯೋತ್ತರ ಕರ್ನಾಟಕ ಹೇಗೆ ನೆನೆಯಬಯಸಿತು, ಒನಕೆ ಹಿಡಿದ ಹೆಣ್ಣನ್ನು ಎಂಥ ನಿಲುವಿನಲ್ಲಿ ಕಾಣಬಯಸಿತು ಎಂಬುದಕ್ಕೆ ಅವು ಬಲವಾದ ಆಕರ. ಚಿತ್ರ ಸುಳ್ಳಾಗುವುದು ಕಲ್ಪಿತವಾಗಿರುವುದರಿಂದಲ್ಲ, ತನ್ನ ಕಾಲವನ್ನು ಮುಚ್ಚಿಡುವುದರಿಂದ.

5

ಇಷ್ಟು ವಿಚಾರ ಮಾಡಿದ ಮೇಲೂ ಒಂದು ಕೊರತೆ ಉಳಿಯುತ್ತದೆ. ನನ್ನನ್ನು ಹೆಚ್ಚು ಕಾಡಿದ್ದು ಇದೇ. 1791-92ರ ಯುದ್ಧದಲ್ಲಿ ಕಂಪನಿಯ ಜೊತೆಗೆ ನಿಜಾಮನೂ ಮರಾಠರೂ ಇದ್ದರು. ಪರಶುರಾಮ ಭಾವುವಿನ ಸೈನ್ಯ ಬಡಗಣಿಂದ ಇಳಿದು ಚಿತ್ರದುರ್ಗದ ಈ ಸೀಮೆಯಲ್ಲಿ ಸಂಚರಿಸಿತು. ಶ್ರೀರಂಗಪಟ್ಟಣದಿಂದ ಹಸಿದು ಹಿಮ್ಮೆಟ್ಟುತ್ತಿದ್ದ ಕಾರ್ನ್‌ವಾಲಿಸನ ಪಡೆಗೆ ಮೇಲುಕೋಟೆಯ ಬಳಿ ಮರಾಠರು ಎದುರಾದಾಗ ಅವರ ಪಾಳೆಯದ ಬಜಾರಿನಲ್ಲಿ ಧಾನ್ಯವಿತ್ತು. ಯುದ್ಧದ ಕಥನಗಳು ಇದನ್ನು ಸಮಾಧಾನದ ನಿಟ್ಟುಸಿರಿನೊಡನೆ ಹೇಳುತ್ತವೆ. ಹಾದಿಯ ಹಳ್ಳಿಗಳ ಕಣಜಗಳ ಗತಿಯೇನಾಯಿತೆಂದು ಕೇಳುವುದಿಲ್ಲ.

ಹತ್ತು ವರ್ಷಗಳ ಅನಂತರ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಇದೇ ನಾಡಿನಲ್ಲಿ ಸಂಚರಿಸಿದ. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥದ ಒಂದು ಅಧ್ಯಾಯ ಇಕ್ಕೇರಿ, ಚಿತ್ರದುರ್ಗ ಸಂಸ್ಥಾನಗಳನ್ನು ಹಾದು ಹಿರಿಯೂರಿನಲ್ಲಿ ಮುಗಿಯುತ್ತದೆ. ಮುಂದಿನ ಅಧ್ಯಾಯ ಹಿರಿಯೂರಿನಿಂದಲೇ ಆರಂಭವಾಗುತ್ತದೆ. ಭಾವುವಿನ ಸೈನ್ಯದ ಹಾವಳಿ ಮತ್ತು ಅದರ ಬೆನ್ನಿಗೆ ಬಂದ ಹಸಿವಿನಿಂದ ಈ ಸೀಮೆ ಪಾಳುಬಿದ್ದುದು ಅವನ ಬರಹದಲ್ಲಿ ದಾಖಲಾಗಿದೆ. ಅಂದರೆ ಅಕ್ಷರದಲ್ಲಿ ನಮ್ಮ ಬಯಲಿಗೆ ಒಂದಿಷ್ಟು ಜಾಗವಿದೆ. ಚಿತ್ರದಲ್ಲಿ ನಾನು ಹುಡುಕಿದಷ್ಟರಲ್ಲಿ ಅದೂ ಇಲ್ಲ. ಆ ಯುದ್ಧದ ಕೋಟೆಗಳನ್ನು ಬರೆದರು, ಬೆಟ್ಟಗಳನ್ನು ಬರೆದರು, ಒತ್ತೆಯ ಮಕ್ಕಳನ್ನು ಹಲವು ಸಲ ಬರೆದರು. ಕಣಜ ಬರಿದಾದ ಹಳ್ಳಿಯನ್ನು ಬರೆಯುವ ಅಗತ್ಯ ಯಾರಿಗೂ ಇರಲಿಲ್ಲ. ಅದನ್ನು ಕೊಳ್ಳುವವರೂ ಇರಲಿಲ್ಲ.

ಬರಗಾಲಕ್ಕೆ ಕೊಳ್ಳುವವರು ಸಿಕ್ಕಿದ್ದು ಮುಂದಿನ ಶತಮಾನದಲ್ಲಿ. ಹಿರಿಯರು ಧಾತು ಈಶ್ವರ ಸಂವತ್ಸರದ ಬರವೆಂದು ಕರೆಯುವ 1876-78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಸುಮಾರು ಹತ್ತು ಲಕ್ಷ ಜನ ಸತ್ತರು. 1877ರ ಅಕ್ಟೋಬರ್ 20ರ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆ ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾದಿರುವ ಜನರ ಚಿತ್ರವನ್ನು ಪ್ರಕಟಿಸಿತು. ಅಂತರ್ಜಾಲದಲ್ಲಿ ಅದು ಹೇರಳವಾಗಿ ಹರಿದಾಡುತ್ತಿದೆ. ಮರುಕ ಹುಟ್ಟಿಸುವುದರಲ್ಲಿ ಆ ಚಿತ್ರ ಸಮರ್ಥ. ಆದರೆ ಅದು ಕಾಯುವವರನ್ನು ತೋರಿಸುತ್ತದೆ, ಕಾಯುವಂತೆ ಮಾಡಿದ ಆಡಳಿತವನ್ನು ತೋರಿಸುವುದಿಲ್ಲ. ಪರಿಹಾರದ ಬಾಗಿಲವರೆಗೆ ನಡೆದು ಬರಲಾರದೆ ಹಿರಿಯೂರಿನಂಥ ಒಣಸೀಮೆಯಲ್ಲೇ ಉಳಿದವರು ಅದರ ಚೌಕಟ್ಟಿನ ಹೊರಗಿದ್ದಾರೆ. ಇದೇ ಬರದಲ್ಲಿ ಮದರಾಸು ಪ್ರಾಂತ್ಯದಲ್ಲಿ ತೆಗೆದ ಛಾಯಾಚಿತ್ರಗಳನ್ನು 1943ರ ಬಂಗಾಳದ ಕ್ಷಾಮದವೆಂದು ಹಂಚುವುದನ್ನೂ ಕಾಣುತ್ತೇವೆ. ಸತ್ತವರಿಗೆ ಊರೂ ಇಲ್ಲ, ವರ್ಷವೂ ಇಲ್ಲ ಎಂಬಂತೆ ನಡೆದುಕೊಳ್ಳುವುದು ಅವರನ್ನು ಮತ್ತೊಮ್ಮೆ ಅನಾಮಿಕರನ್ನಾಗಿಸುವುದು.

ಆದ್ದರಿಂದ ಚಿತ್ರದ ಮೌಲ್ಯನಿರ್ಣಯದಲ್ಲಿ ಯಾರು, ಯಾವಾಗ, ಯಾರಿಗಾಗಿ ಬರೆದರು ಎಂಬ ಪ್ರಶ್ನೆಗಳ ಜೊತೆಗೆ ಏನನ್ನು ಬರೆಯಲಿಲ್ಲ ಎಂಬ ಪ್ರಶ್ನೆಯೂ ಸೇರಬೇಕು. ಚಿತ್ರಕೋಶದ ವಿಪುಲತೆಯೇ ಈ ಪ್ರಶ್ನೆಯನ್ನು ಮರೆಸುತ್ತದೆ. ಸಾವಿರ ಚಿತ್ರ ಕಂಡವನಿಗೆ ಎಲ್ಲವನ್ನೂ ಕಂಡೆನೆಂಬ ಭ್ರಮೆ ಸಹಜ. ಹುಡುಕುವ ಪದವೂ ಈ ಭ್ರಮೆಗೆ ನೆರವಾಗುತ್ತದೆ. ವಿದೇಶಿ ಸಂಗ್ರಹಗಳಲ್ಲಿ ‘ಚಿತ್ರದುರ್ಗ’ ಎಂದು ಕನ್ನಡದಲ್ಲಿ ಬರೆದರೆ ಬರುವುದು ಅತ್ಯಲ್ಪ; ‘ಚಿತಲ್‌ಡ್ರೂಗ್’ ಎಂದು ಅವರ ಕಿವಿಗೆ ಕೇಳಿಸಿದಂತೆ ಅವರ ಅಕ್ಷರದಲ್ಲಿ ಬರೆಯಬೇಕು. ನಮ್ಮ ಊರನ್ನು ಕಾಣಲು ನಾವು ಅದನ್ನು ತಪ್ಪಾಗಿ ಉಚ್ಚರಿಸಬೇಕು.

6

ಹಾಗೆಂದು ನಮ್ಮ ಬಯಲು ಚಿತ್ರವೇ ಇಲ್ಲದ ಬಯಲಲ್ಲ. ಈ ಸೀಮೆಯ ಹಳ್ಳಿಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ರಾಜಕೀಯ ಚಿತ್ರಗಳೆಂದು ನಾವು ಎಣಿಸಿಲ್ಲ. ತುರುಗಳಿಗಾಗಿ, ಊರಿನ ಉಳಿವಿಗಾಗಿ, ಒಡೆಯನಿಗಾಗಿ ಸತ್ತವನ ಹೋರಾಟ ಕೆಳಗಿನ ಪಟ್ಟಿಕೆಯಲ್ಲಿ, ಅಪ್ಸರೆಯರು ಅವನನ್ನು ಒಯ್ಯುವುದು ನಡುವಿನಲ್ಲಿ, ಶಿವಸಾನ್ನಿಧ್ಯ ಮೇಲೆ. ಅಧಿಕಾರ ಸಾಮಾನ್ಯನಿಂದ ಏನನ್ನು ಬೇಡಿತು, ಪ್ರತಿಯಾಗಿ ಏನನ್ನು ವಾಗ್ದಾನ ಮಾಡಿತು ಎಂಬುದನ್ನು ಇಷ್ಟು ಅಡಕವಾಗಿ ಹೇಳುವ ಚಿತ್ರ ಇನ್ನೊಂದಿಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 11ನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿತು. ಅದರ ಗಮನ ಸಹಜವಾಗಿಯೇ ಅಕ್ಷರದ ಮೇಲಿತ್ತು. ಅಕ್ಷರವಿಲ್ಲದ ಕಲ್ಲುಗಳು ಶಾಸನಸಂಪುಟದ ಹೊರಗೆ ಉಳಿದವು. ಲಂಡನ್ನಿನ ಅಗ್ಗದ ವ್ಯಂಗ್ಯಚಿತ್ರಕ್ಕೆ ದಿನಾಂಕ, ಅಳತೆ, ಸಂಖ್ಯೆ ಎಲ್ಲವೂ ಇವೆ. ನಮ್ಮ ಕೆರೆ ಏರಿಯ ಕಲ್ಲಿಗೆ ಒಂದು ಸಂಖ್ಯೆಯೂ ಇಲ್ಲ.

ಇದು ದೂರಾಗಿ ಉಳಿಯಬೇಕಾಗಿಲ್ಲ. ತರುಣರಿಗೆ ನಾನು ಸೂಚಿಸಿದ ಕ್ರಮ ಸರಳವಾದುದು. ಸಂಚಿಕೆಯಲ್ಲಿ ಅಚ್ಚು ಹಾಕುವ ಪ್ರತಿಯೊಂದು ಹಳೆಯ ಚಿತ್ರದ ಕೆಳಗೆ ಕರ್ತೃ, ಪ್ರಕಟವಾದ ದಿನ, ಈಗ ಇರುವ ಸಂಗ್ರಹ, ಕಂಡು ಬರೆದದ್ದೋ ಕೇಳಿ ಬರೆದದ್ದೋ ಎಂಬ ನಾಲ್ಕು ಸಂಗತಿಗಳಿರಬೇಕು. ತಿಳಿಯದಿದ್ದರೆ ‘ತಿಳಿಯದು’ ಎಂದೇ ಬರೆಯಬೇಕು. ಮೂಲದ ಅಂಚನ್ನು ಕತ್ತರಿಸಬಾರದು. ಸಂಗ್ರಹಾಲಯದ ವಿವರವನ್ನು ಚಿತ್ರದ ಜೊತೆಗೇ ಇಳಿಸಿಕೊಳ್ಳಬೇಕು. 2023ರ ಅಕ್ಟೋಬರ್ ತಿಂಗಳಲ್ಲಿ ಬ್ರಿಟಿಷ್ ಲೈಬ್ರರಿಯ ಗಣಕ ವ್ಯವಸ್ಥೆಯ ಮೇಲೆ ದಾಳಿಯಾಗಿ ಅದರ ಅಂತರ್ಜಾಲ ಸೇವೆಗಳು ಬಹುಕಾಲ ಸ್ಥಗಿತಗೊಂಡಾಗ, ಬರಿಯ ಚಿತ್ರವನ್ನಷ್ಟೇ ಇಟ್ಟುಕೊಂಡಿದ್ದವರ ಕೈಯಲ್ಲಿ ಉಳಿದದ್ದು ತಬ್ಬಲಿ ಚಿತ್ರಗಳು. ಎರಡನೆಯದಾಗಿ, ಹೋಬಳಿಯ ಹಳ್ಳಿಗಳ ವೀರಗಲ್ಲು, ಮಾಸ್ತಿಕಲ್ಲುಗಳ ಛಾಯಾಚಿತ್ರ ತೆಗೆಯಬೇಕು. ಊರು, ಜಾಗ, ದಿಕ್ಕು, ಎತ್ತರ ಅಗಲ, ಪಟ್ಟಿಕೆಗಳ ಸಂಖ್ಯೆ, ಊರವರು ಕರೆಯುವ ಹೆಸರು, ಚಿತ್ರ ತೆಗೆದ ದಿನ ಇಷ್ಟನ್ನು ಒಂದು ವಹಿಯಲ್ಲಿ ಕನ್ನಡದಲ್ಲಿ ಬರೆಯಬೇಕು. ಊರ ಹೆಸರು ಊರವರ ಬಾಯಲ್ಲಿರುವಂತೆಯೇ ಇರಬೇಕು. ಮುಂದೆ ಯಾವ ಚಿತ್ರಕೋಶಕ್ಕೆ ಸೇರಿಸಿದರೂ ಆ ವಹಿ ಚಿತ್ರದೊಡನೆ ಹೋಗಬೇಕು.

ಸಂಚಿಕೆಯಲ್ಲಿ ಯುದ್ಧದ ಪುಟಕ್ಕೆ ಗಿಲ್‌ರೇಯ ಚಿತ್ರ ಅಂಚುಸಹಿತ ಇರಲಿ. ಹೋಮನ ಒತ್ತೆಯ ಮಕ್ಕಳೂ ಇರಲಿ. ಅವುಗಳ ಪಕ್ಕದಲ್ಲಿ ಅದೇ ಅಳತೆಯ ಒಂದು ಚೌಕವನ್ನು ಖಾಲಿ ಬಿಟ್ಟು ಅದರ ಕೆಳಗೆ ‘ಹಿರಿಯೂರು ಸೀಮೆ, 1791-92: ಚಿತ್ರ ದೊರೆತಿಲ್ಲ’ ಎಂದು ಅಚ್ಚು ಹಾಕಬೇಕೆಂದು ಹೇಳಿದೆ. ಮುದ್ರಕರು ಜಾಗ ವ್ಯರ್ಥವೆಂದರು. ಆ ಪುಟದಲ್ಲಿ ನಮ್ಮ ಸೀಮೆಯ ಬಗ್ಗೆ ಇರುವ ಏಕೈಕ ಸಾಕ್ಷ್ಯ ಅದು ಎಂದು ತರುಣರೇ ಅವರಿಗೆ ವಿವರಿಸಿದರು.